ಆರು ವಾರದ ಲೇಪ

ಮುದುಕ ಅಲ್ಸೀಡ್ ಮಿಶೋನಿಗೆ ಬೇಕಾಗಿದ್ದದ್ದು ಒಂದೇ. ಸಾಯುವ ಮೊದಲು ತನ್ನ ದೋಣಿಯಲ್ಲಿ ಇನ್ನೊಂದು ಸಲ ನದಿಗಿಳಿಯಬೇಕು. ಬೇರೆಯವರ ಅಲ್ಯೂಮಿನಿಯಂ ದೋಣಿ ಆಗದು, ಪ್ಲಾಸ್ಟಿಕ್ಕಿನದರ ಹೆಸರೇ ಎತ್ತಬಾರದು. ಹರೆಯದಲ್ಲಿ ತಾನೇ ಸೀಡರ್ ಮರ ಬಗ್ಗಿಸಿ, ಮೇಲೆ ಕ್ಯಾನ್ವಾಸ್ ಬಿಗಿದು ಕಟ್ಟಿದ್ದ ಇಪ್ಪತ್ತಡಿಯ ದೋಣಿಯೇ ಆಗಬೇಕು. ಪಟ್ಟಣದಿಂದ ಬರುವ ಬೇಟೆಗಾರರನ್ನು ಕೂರಿಸಿಕೊಂಡು ಮೂವತ್ತು ವರ್ಷ ಕೆನಡಾ ಗಡಿಯ ಸೇಂಟ್ ಜಾನ್ ನದಿಯ ಉದ್ದಕ್ಕೂ ತಿರುಗಿದ್ದು ಅದರಲ್ಲೇ. ಈಗ ಅದು ಕೊಟ್ಟಿಗೆಯ ಅಟ್ಟದಲ್ಲಿ ಮಗುಚಿಕೊಂಡಿತ್ತು. ಕ್ಯಾನ್ವಾಸ್ ಚಿಂದಿಯಾಗಿತ್ತು.

ನದಿಯ ಮಂಜುಗಡ್ಡೆ ಒಡೆದು ಹರಿದುಹೋದ ವಾರ ಡಾಕ್ಟರು ಅವನ ಎದೆ ನೋಡಿ, ಬೇಸಿಗೆ ದಾಟುವುದು ಕಷ್ಟ ಎಂದರು. ಅಂದೇ ಮಗಳು ಕ್ಲೋದೆಟ್ ದೋಣಿಯನ್ನು ಕೆಳಗಿಳಿಸಿದಳು.

ಆ ಕಣಿವೆಯಲ್ಲಿ ಹಳೆಯ ದೋಣಿ ರಿಪೇರಿ ಎಂದರೆ ಕ್ಲೋದೆಟ್. ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಇದು ಅವಳಿಗೂ ಗೊತ್ತಿತ್ತು, ಸ್ವಲ್ಪ ಜಾಸ್ತಿಯೇ ಗೊತ್ತಿತ್ತು ಅನ್ನಿ. ಮುರಿದ ಹನ್ನೊಂದು ಪಕ್ಕೆಗಳನ್ನು ಕಿತ್ತು, ಹೊಸ ಸೀಡರ್ ಪಟ್ಟಿಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿ ಕೂರಿಸಿದಳು. ಹೊಸ ಕ್ಯಾನ್ವಾಸ್ ಎಳೆದು ಬಿಗಿದಳು. ಜೂನ್ ಮುಗಿಯುವ ಹೊತ್ತಿಗೆ, ಅಗಸೆ ಎಣ್ಣೆಯಲ್ಲಿ ಕಲ್ಲಿನ ಹುಡಿ ಕಲಸಿದ ಲೇಪವನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ಬಟ್ಟೆಯ ಎಳೆಯೆಳೆಗೂ ತುಂಬಿದ್ದಳು. ಇನ್ನು ಉಳಿದದ್ದು ಬಣ್ಣ. ಆದರೆ ಬಣ್ಣ ಹಚ್ಚುವ ಮೊದಲು ಆ ಲೇಪ ಒಳಗಿನಿಂದ ಗಟ್ಟಿಯಾಗಬೇಕು, ಅದಕ್ಕೆ ಆರು ವಾರ ಬೇಕು.

ಇದನ್ನು ಕಲಿಸಿದವನೂ ಅಲ್ಸೀಡನೇ. ಹದಿನೇಳನೇ ವಯಸ್ಸಿನಲ್ಲಿ ಅವಳು ಮೂರು ವಾರಕ್ಕೇ ಬಣ್ಣ ಬಳಿದು, ಅದು ಗುಳ್ಳೆಯೆದ್ದಾಗ, ಇಡೀ ಕ್ಯಾನ್ವಾಸನ್ನು ಅವಳ ಕೈಯಿಂದಲೇ ಕೀಳಿಸಿದ್ದ.

ದಿನಾ ಬೆಳಗ್ಗೆ ಅವನು ಬೆಣ್ಣೆ ಸವರಿದ ಪ್ಲಾಯ್ ರೊಟ್ಟಿ ಎರಡು ತುತ್ತು ತಿಂದು, ಆಕ್ಸಿಜನ್ ಸಿಲಿಂಡರನ್ನು ಎಳೆದುಕೊಂಡು ಕೊಟ್ಟಿಗೆಗೆ ಬರುತ್ತಿದ್ದ.

"ಏನಮ್ಮಾ ಮೇಸ್ತ್ರಿ, ಒಣಗ್ತಾ?"

"ಎಲ್ಲಿ ಅಪ್ಪ, ಇನ್ನೂ ಮೂರು ವಾರ ಇದೆ."

"ನಾನೂ ನಿನ್ ಲೇಪಾನೂ ಪಂದ್ಯಕ್ಕೆ ಬಿದ್ದಂಗಾಯ್ತು. ಯಾರು ಮೊದ್ಲು ಗಟ್ಟಿಯಾಗ್ತೀವೋ ನೋಡಣ."

"ಥೂ, ಬಿಡ್ತು ಅನ್ನು!"

ನಾಲ್ಕನೇ ವಾರ ಅವನಿಗೆ ಕೊಟ್ಟಿಗೆಯ ಬಾಗಿಲವರೆಗೆ ಬರುವುದೇ ದೊಡ್ಡದಾಯಿತು. ಚೌಕಟ್ಟು ಹಿಡಿದು ಸುಧಾರಿಸಿಕೊಂಡು, ನದಿಯ ಕಡೆ ನೋಡುತ್ತಾ, ಬೇರೇನೋ ಮಾತಾಡುವವನ ಹಾಗೆ ಕೇಳಿದ.

"ಹಂಗೇ ಇಳಿಸಿಬಿಟ್ರೆ ಏನಾಗತ್ತೆ?"

"ಅಪ್ಪಾ! ನೀನೇ ಹಿಂಗಂದ್ರೆ ಹೆಂಗೆ? ಅವತ್ತು ನನ್ ಮಾನ ಕಳೆದೋನು ಯಾರು?"

"ಅದೂ ಸರಿ ಅನ್ನು. ಕಲ್ಸಿದ್ದು ನಂದೇ ತಪ್ಪು" ಎಂದು ನಕ್ಕ. ನಗು ಕೆಮ್ಮಾಯಿತು. ಅವಳು ಬೆನ್ನು ನೀವಿದಳು. ಅಪ್ಪ ತನ್ನನ್ನು ಪರೀಕ್ಷೆ ಮಾಡಿದ, ತಾನು ಪಾಸಾದೆ ಎಂದುಕೊಂಡು ಒಳಗೊಳಗೇ ಹಿಗ್ಗಿದಳು.

ಐದನೇ ವಾರದ ಗುರುವಾರ, ತಿಂಡಿಯ ಮೇಜಿನ ಮುಂದೆ ಕೂತಲ್ಲೇ ಅಲ್ಸೀಡನ ಉಸಿರು ನಿಂತಿತು.

ಮಣ್ಣು ಮಾಡಿ ಬಂದ ಮಧ್ಯಾಹ್ನ ಒನೇಜಿಮ್ ಸೀರ್ ಮಾತ್ರ ಮನೆಗೆ ಹೋಗದೆ ಉಳಿದ. ಅಲ್ಸೀಡನ ಜೊತೆ ಎಷ್ಟೋ ವರ್ಷ ದೋಣಿ ನಡೆಸಿದ ಗೆಳೆಯ ಅವನು. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಬಾಯಿಬಿಟ್ಟ.

"ಹೋದ ವಾರ ಕರ್ದೆ ಕಣಮ್ಮ. ನನ್ ದೋಣೀಲೇ ಹೋಗಣ ಬಾರೋ ಅಂತ. ಬರಲ್ಲ ಅಂದ."

"ಯಾಕಂತೆ?"

"ನನ್ ಮಗಳು ಐವತ್ತು ವರ್ಷ ಬಾಳೋ ಹಂಗೆ ಮಾಡ್ತಿದಾಳೆ, ನಾನು ಬೇರೆ ದೋಣಿ ಹತ್ತಿದ್ರೆ ಅವಳಿಗೆ ಬೇಜಾರಾಗತ್ತೆ ಅಂದ. ಹಂಗೇ ಇಳಿಸ್ತೀಯಾ ಅಂತ ಅವಳನ್ನ ಒಂದ್ಸಲ ಕೇಳ್ದೆ, ಇನ್ನೊಂದ್ಸಲ ಕೇಳಲ್ಲ ಅಂದ."

ಕ್ಲೋದೆಟ್ ಎದ್ದು ಕೊಟ್ಟಿಗೆಗೆ ನಡೆದಳು, ಒನೇಜಿಮ್ ಹಿಂದೆಯೇ ಬಂದ. ಅಪ್ಪನಿಗೆ ಐವತ್ತು ವರ್ಷ ಯಾಕೆ ಬೇಕಿತ್ತು? ಒಂದು ಗಂಟೆ ಸಾಕಿತ್ತು. ಆರು ವಾರ ಕಾಯುವುದು ಬಣ್ಣ ನಿಲ್ಲಲಿ ಅಂತ, ದೋಣಿ ತೇಲಲಿ ಅಂತ ಅಲ್ಲ. ಈ ಕೆಲಸ ಬಲ್ಲ ಯಾರಿಗಾದರೂ ಅದು ಗೊತ್ತು. ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

"ಒಂದು ತುದಿ ಹಿಡಿ ಮಾವ" ಎಂದಳು.

ಬಣ್ಣ ಕಾಣದ ಬೂದು ದೋಣಿಯನ್ನು ಇಬ್ಬರೂ ಹೊತ್ತು ದಡಕ್ಕೆ ತಂದರು. ಸಾವಿನ ಮನೆಯ ಕಪ್ಪು ಉಡುಪಿನಲ್ಲೇ ಅವಳು ಹಿಂದಿನ ಸೀಟಿನಲ್ಲಿ ಕೂತು ಹುಟ್ಟು ಹಾಕಿದಳು. ಮುಂದಿನ ಸೀಟು ಖಾಲಿ. ಅವಳು ನದಿಯನ್ನು ನೋಡಲಿಲ್ಲ, ದೋಣಿಯ ತಳವನ್ನೇ ನೋಡುತ್ತಿದ್ದಳು. ಸೋರಲಿ ದೇವರೇ, ಒಂದು ತೊಟ್ಟಾದರೂ ಸೋರಲಿ, ನಾನು ಕಾದದ್ದೇ ಸರಿ ಅಂತ ಆಗಲಿ ಎಂದು ಬೇಡಿಕೊಂಡಳು. ಆಚೆ ಕೆನಡಾ ದಡ ಮುಟ್ಟಿ, ತಿರುಗಿ ಬಂದಳು. ಮತ್ತೆ ಹೋಗಿ, ಮತ್ತೆ ಬಂದಳು. ಬಗ್ಗಿ ಪಕ್ಕೆಗಳ ಸಂದಿನಲ್ಲೆಲ್ಲ ಕೈಯಾಡಿಸಿದಳು.

"ಸೋರ್ತಾ ಇದ್ಯೇನಮ್ಮಾ?" ದಡದಿಂದ ಒನೇಜಿಮ್ ಕೂಗಿ ಕೇಳಿದ.

"ಇಲ್ಲ ಮಾವ" ಎಂದವಳು, ಹುಟ್ಟನ್ನು ಕೈಬಿಟ್ಟು ಗೋಳೋ ಎಂದು ಅತ್ತಳು.