ಕೊಂಬೆ ಲೈಬ್ರರಿಯ ನೀಲಕಂಠಸ್ವಾಮಿ

ದಿನದ ದುಡಿಮೆ ಮುಗಿಸಿದವರು ಸಂಜೆ ‘ಸಾಕಾಯ್ತು’ ಎಂದು ನಿಟ್ಟುಸಿರಿಡುವುದು ಲೋಕರೂಢಿ. ನೀಲಕಂಠಸ್ವಾಮಿಯವರು ಮಾತ್ರ ಬೆಳಗ್ಗೆ ಗ್ರಂಥಾಲಯದ ಬೀಗಕ್ಕೆ ಕೀಲಿಕೈ ತೂರಿಸುವಾಗಲೇ, ಇನ್ನೂ ಒಂದು ಪತ್ರಿಕೆಯ ಮಡಿಕೆಯನ್ನೂ ಬಿಚ್ಚುವ ಮೊದಲೇ, “ಸಾಕಾಯ್ತು ಕಣ್ರೀ” ಎಂದುಬಿಡುತ್ತಿದ್ದರು. ಕೇಳಿಸಿಕೊಳ್ಳಲು ಎದುರಿಗೆ ಯಾರಾದರೂ ಇರಬೇಕೆಂಬ ನಿಯಮವೂ ಇರಲಿಲ್ಲ. ಎಡಗಾಲಿನ ಚಪ್ಪಲಿಯನ್ನು ನೆಲಕ್ಕೆ ಉಜ್ಜುತ್ತ, ಒಂದು ಭುಜ ತಗ್ಗಿಸಿಕೊಂಡು, ಹಿಂದಿನಿಂದ ಯಾರೋ ನೂಕುತ್ತಿದ್ದಾರೇನೋ ಎಂಬಂತೆ ಅವರು ಬರುವ ಸದ್ದು, ಅದರ ಬೆನ್ನಿಗೇ ಆ ಒಂದು ಮಾತು. ಅದು ಕಿವಿಗೆ ಬಿತ್ತೆಂದರೆ ಹುಣಸೂರಿನ ಆ ಬಡಗಿಗಳ ಬೀದಿಯವರು ಗಡಿಯಾರ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ.

ದಣಿವು ನಟನೆಯದಲ್ಲ. ಮನೆ ಬೆಟ್ಟದಪುರದಲ್ಲಿ, ನೌಕರಿ ಹುಣಸೂರಿನಲ್ಲಿ. ನಡುವಿನ ರಸ್ತೆಯ ಹೊಂಡಗಳೆಲ್ಲ ಅವರ ಸೊಂಟಕ್ಕೆ ಪರಿಚಿತವಾಗಿದ್ದವು. ಹೊಗೆಸೊಪ್ಪಿನ ಹಂಗಾಮಿನಲ್ಲಂತೂ ಬಸ್ಸಿನೊಳಗೆ ಒಂಟಿಕಾಲಲ್ಲಿ ನಿಂತೇ ಬರಬೇಕು. ಹೆಂಡತಿ ಮಲ್ಲಾಜಮ್ಮನಿಗೆ ಮಂಡಿನೋವು, ಕೊಡ ನೀರು ಎತ್ತುವುದಕ್ಕೂ ಪಕ್ಕದ ಮನೆಯವರನ್ನು ಕರೆಯಬೇಕಾದ ಸ್ಥಿತಿ. ಸ್ವಂತ ಊರಿನ ಗ್ರಂಥಾಲಯಕ್ಕೆ ವರ್ಗ ಮಾಡಿಕೊಡಿರೆಂದು ಅವರು ಕೈಮುಗಿಯದ ಅಧಿಕಾರಿಯಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಕೊನೆಗೂ ಮೈಸೂರಿನ ಮುಖ್ಯ ಕಚೇರಿಯಿಂದ ಮಾತು ಬಂತು: ಹುಣಸೂರಿನ ಈ ಶಾಖೆಗೆ ಓದುಗರೇ ಇಲ್ಲವಂತೆ, ಯುಗಾದಿ ಕಳೆದ ಮೇಲೆ ಸಾಹೇಬರು ಬಂದು ನೋಡುತ್ತಾರೆ, ಕೋಣೆ ಹೀಗೇ ಖಾಲಿ ಹೊಡೆಯುತ್ತಿದ್ದರೆ ಮುಚ್ಚಿಸಿ ನಿಮ್ಮನ್ನು ಬೆಟ್ಟದಪುರಕ್ಕೆ ಕಳಿಸುತ್ತಾರೆ. ನೀಲಕಂಠಸ್ವಾಮಿ ಮಾಡಬೇಕಾದದ್ದು ಏನೂ ಇರಲಿಲ್ಲ, ಸುಮ್ಮನೆ ಕೂತಿದ್ದರೆ ಸಾಕಿತ್ತು.

ಕೋಣೆಯೇನೋ ಖಾಲಿಯೇ. ಉರ್ದು ಶಾಲೆಯ ಗೋಡೆಗೆ ಆತುಕೊಂಡಿದ್ದ ಆ ಗ್ರಂಥಾಲಯಕ್ಕೆ ಪೆನ್ಶನ್ನಿನ ಲಿಂಗಯ್ಯನವರು, ಅವರಂಥ ಮತ್ತಿಬ್ಬರು ಬಂದು ಪತ್ರಿಕೆಗೆ ಮುಖ ಮುಚ್ಚಿಕೊಂಡು ಕೂರುತ್ತಿದ್ದರು, ಅಷ್ಟೆ. ಶಾಲೆಯ ಮಕ್ಕಳು ಕಿಟಕಿಯ ಸರಳಿಗೆ ಮೂಗು ಒತ್ತಿ ಒಳಗೆ ನೋಡುವವು, ಕರೆದರೆ ಓಡಿಹೋಗುವವು. ಈ ಬೀದಿಗೆ ಓದಿನ ಋಣವಿಲ್ಲ ಎಂದು ಸ್ವಾಮಿಗಳು ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಒಂದು ದಿನ ಬೆಂಚಿನ ಮುರಿದ ಕಾಲು ಸರಿಮಾಡಲು ಬಡಗಿ ಪೀರ್ ಸಾಬ್ ಬಂದ.

“ನಿಮ್ ಮೊಮ್ಮಗಳು ಅಫ್ರೀನು ದಿನಾ ಕಿಟಕೀಲಿ ಇಣುಕ್ತಾಳೆ. ಒಳಕ್ಕೆ ಕಳಿಸಬಾರ್ದೇನ್ರೀ ಸಾಬ್ರೇ?” ಎಂದರು ನೀಲಕಂಠಸ್ವಾಮಿ.

ಪೀರ್ ಸಾಬ್ ಉಜ್ಜುಗೊರಡಿನಿಂದ ಕಣ್ಣೆತ್ತಲಿಲ್ಲ. “ಓದೋದ್ ಬ್ಯಾಡ ಅಂತೀವಾ ಸ್ವಾಮಿ? ಬೋರ್ಡ್‌ನಾಗೆ ಶಾಖೆ ಅಂತ ಬರ್ಸಿದ್ದೀರಲ್ಲ. ಮೈದಾನದ ಶಾಖೆಗೆ ನಮ್ ಐಕ್ಳು ಓಗ್ತವಾ? ಇದ್ಕೂ ಅಂಗೇ, ಓಗಲ್ಲ ಬುಡಿ.”

ಮೈದಾನದಲ್ಲಿ ಬೆಳಗಿನ ಜಾವ ಕವಾಯತು ಮಾಡುವ ಸಂಘದವರ ಕೂಟಕ್ಕೂ ಶಾಖೆಯೆಂದೇ ಹೆಸರು. ಆ ವರ್ಷಗಳಲ್ಲಿ ಆ ಪದ ಕೇಳಿದರೆ ಸಾಬರ ಮನೆಗಳ ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ನೀಲಕಂಠಸ್ವಾಮಿ ಮೊದಲು ನಕ್ಕರು, ಕೆಮ್ಮು ಹತ್ತುವವರೆಗೆ ನಕ್ಕರು. ಆಮೇಲೆ ಬೋರ್ಡಿನ ‘ಸಾರ್ವಜನಿಕ ಗ್ರಂಥಾಲಯ, ಹುಣಸೂರು ಶಾಖೆ’ಯನ್ನು ಹೊಸದಾಗಿ ನೋಡುವವರಂತೆ ನೋಡಿ, “ಅಯ್ಯೋ ಶಿವನೇ” ಎಂದು ಕೂತುಬಿಟ್ಟರು. ಇಷ್ಟು ವರ್ಷ ಬಾಗಿಲು ತೆರೆದು ಕಾದದ್ದೆಲ್ಲ ಒಂದು ಪದಕ್ಕೆ ಬಲಿಯಾಯಿತಲ್ಲ ಎಂದು ಅವರಿಗೆ ಬಹಳ ಸಂಕಟವಾಯಿತು.

ರಾತ್ರಿ ಊಟಕ್ಕೆ ಕೂತಾಗ ಮಲ್ಲಾಜಮ್ಮ ನೆಟ್ಟಗೆ ಹೇಳಿದರು: “ಆ ಮಕ್ಳು ಬರ್ದೇ ಇದ್ರೆ ನಿಮ್ಗೇನು? ಸುಮ್ಕೆ ಕುಂತ್ಕಳಿ. ಬಾಗ್ಲು ತಾನೇ ಮುಚ್ಕತದೆ, ನೀವು ಮನೆ ಸೇರ್ಕತೀರಿ.”

“ಹೂಂ ಕಣೆ, ನಂಗೂ ಸಾಕಾಗದೆ” ಎಂದರು ಇವರು. ಹಾಗೆಂದವರು ಮರುದಿನ ಹುಣಸೂರಿನಲ್ಲಿ ಬಸ್ಸಿಳಿದು, ಒಂದು ಡಬ್ಬಿ ಬಿಳಿ ಬಣ್ಣ ಕೊಂಡು, ಸ್ಟೂಲಿನ ಮೇಲೆ ತೂರಾಡುತ್ತ ಆ ಪದವನ್ನು ಅಳಿಸಲು ನಿಂತಿದ್ದರು. ಇಂಥವರಿಗೆ ಏನು ಹೇಳುವುದು!

ಪಕ್ಕದ ಶಾಲೆಯ ಮೇಡಂ ಅಕ್ತರುನ್ನೀಸಾ ಓಡಿಬಂದು ಸ್ಟೂಲು ಹಿಡಿದುಕೊಂಡರು. ವಿಷಯ ತಿಳಿದ ಮೇಲೆ ಆಕೆ ಹಣೆ ಚಚ್ಚಿಕೊಂಡರು. “ಇಳೀರಿ ಸಾರ್, ಅಳಿಸ್ಬೇಡಿ. ನಮ್ ಉರ್ದೂಲೂ ಶಾಖ್ ಅಂದ್ರೆ ಕೊಂಬೆ ಅಂತಾನೇ ಅರ್ಥ. ದಿನಾ ಇದೇ ಬೋರ್ಡ್ ಕೆಳಗೇ ಓಡಾಡ್ತೀನಿ, ನನ್ ತಲೆಗೇ ಹೊಳೀಲಿಲ್ವಲ್ಲ!”

ಅಂದು ಮಧ್ಯಾಹ್ನ ಆಕೆ ಕಪ್ಪುಹಲಗೆಯ ಮೇಲೆ ಒಂದು ಮರ ಬರೆದರು: ಬುಡ ಮೈಸೂರು, ಕೊಂಬೆ ನಮ್ಮ ಪಕ್ಕದ ಕೋಣೆ. ತೇಗ, ಬೀಟೆಗಳ ನಡುವೆಯೇ ಹುಟ್ಟಿ ಬೆಳೆದ ಆ ಮಕ್ಕಳಿಗೆ ಕೊಂಬೆಯೆಂದರೇನೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಕೊನೆಯ ಪೀರಿಯಡ್ಡಿಗೆ ಆಕೆ ಇಡೀ ತರಗತಿಯನ್ನೇ ಗ್ರಂಥಾಲಯಕ್ಕೆ ಹೊಡೆದುಕೊಂಡು ಬಂದರು. ಎಲ್ಲರಿಗಿಂತ ಮುಂದೆ ಅಫ್ರೀನ್. ಮಕ್ಕಳನ್ನು ಕರೆದೊಯ್ಯಲು ಬಂದ, ಹೊಗೆಸೊಪ್ಪು ವಿಂಗಡಿಸಿ ಕೈಯೆಲ್ಲ ಅಂಟಾದ ತಾಯಂದಿರು ಮೊದಲು ಹೊಸ್ತಿಲಲ್ಲಿ ನಿಂತರು, ಆಮೇಲೆ ಮಕ್ಕಳ ಬಾಯಲ್ಲಿ ಕೊಂಬೆಯ ಅರ್ಥ ಕೇಳಿ ಬೆಂಚಿನ ತುದಿಗೆ ಕೂತರು. ಗಲಾಟೆಯೆಂದು ಗೊಣಗುತ್ತಿದ್ದ ಲಿಂಗಯ್ಯನವರು ಅವರಿಗೆ ಪತ್ರಿಕೆ ಓದಿ ಹೇಳತೊಡಗಿದರು. ಎದುರುಬದುರು ಮನೆಯಲ್ಲಿದ್ದೂ ಮಾತಿಲ್ಲದೆ ದಿನ ನೂಕಿದ್ದ ಲಿಂಗಯ್ಯನವರೂ ಪೀರ್ ಸಾಬನೂ ಒಂದೇ ಹಾಳೆಗಾಗಿ ಜಗಳವಾಡುವಷ್ಟು ಹತ್ತಿರವಾದರು. ಬೀದಿಯ ಬಾಯಲ್ಲಿ ಅದರ ಹೆಸರು ‘ಕೊಂಬೆ ಲೈಬ್ರರಿ’ ಎಂದೇ ಆಯಿತು.

ಯುಗಾದಿ ಕಳೆದು ಸಾಹೇಬರು ಬಂದಾಗ ಅವರಿಗೆ ಕೂರಲು ಜಾಗವಿರಲಿಲ್ಲ. ಸಂತೋಷದಿಂದ ಅವರು ನೀಲಕಂಠಸ್ವಾಮಿಯವರ ಕೈ ಕುಲುಕಿದರು. “ಇಂಥ ಶಾಖೆ ಮುಚ್ಚೋದುಂಟೇನ್ರೀ? ನಿಮ್ಮಂಥವರನ್ನ ಇಲ್ಲಿಂದ ಕದಲಿಸೋದುಂಟೇ?” ಬೆಟ್ಟದಪುರದ ಜಾಗ ಬೇರೊಬ್ಬರ ಪಾಲಾಯಿತು.

ಆ ಸಂಜೆ ಬಸ್ಸಿನಲ್ಲಿ ಕಂಬಿಗೆ ಜೋತು ನಿಂತಾಗ ಅವರ ಕಣ್ಣು ತುಂಬಿದ್ದು ಹೆಮ್ಮೆಗೋ ಸೊಂಟನೋವಿಗೋ ಅವರಿಗೇ ತಿಳಿಯಲಿಲ್ಲ. ಮನೆಯಲ್ಲಿ ಸುದ್ದಿ ಕೇಳಿ ಮಲ್ಲಾಜಮ್ಮ, “ನೀವೇ ಮಾಡ್ಕಂಡಿದ್ದು. ಉಣ್ಣಿ” ಎಂದು ಮುದ್ದೆ ಬಡಿಸಿದರು. ಸಾರು ಬಿಡುತ್ತ, “ಆ ಸಾಬ್ರ ಮೊಮ್ಮಗು ಓದ್ತದಾ ಚೆಂದಾಕೆ?” ಎಂದರು.

“ಓದ್ತದೆ ಕಣೆ” ಎಂದರು ನೀಲಕಂಠಸ್ವಾಮಿ.

ಊರಿಗೆ ಗ್ರಂಥಾಲಯ, ಶಾಲೆ ತರುವ ಉತ್ಸಾಹಿಗಳಿಗೆ ನಮ್ಮಲ್ಲಿ ಬರವಿಲ್ಲ. ಅವರು ಉದ್ಘಾಟನೆಯ ಹಾರ ಹಾಕಿಸಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಮರುದಿನದಿಂದ ಬೀಗ ತೆಗೆಯುವುದು ಹೀಗೆ ಬಸವಳಿದ ಜೀವಗಳ ಪಾಲಿನ ಕೆಲಸ. ಅವರು ನಿವೃತ್ತಿಯವರೆಗೂ ಗೊಣಗುತ್ತಲೇ ಬರುತ್ತಾರೆ. ಅವರು ‘ಸಾಕಾಯ್ತು’ ಎಂದರೆ, ಬಾಗಿಲು ತೆರೆಯಿತು ಎಂದು ಬೀದಿಯ ಮಕ್ಕಳು ಓಡಿಬರುತ್ತಾರೆ.