ದಿವಾನನ ಉಸಿರು

ಆ ಬೀದಿಯ ಕಟಿಂಗ್ ಅಂಗಡಿಯಲ್ಲಿ ಮೂರು ಕುರ್ಚಿಗಳಿದ್ದರೂ ಗಿರಾಕಿಗಳಿಗೆ ಸಿಗುತ್ತಿದ್ದದ್ದು ಎರಡೇ. ಮೂರನೆಯದು ದಿವಾನನದು. ದಿವಾನನೆಂದರೆ ಬೂದುಬಣ್ಣದ ದಪ್ಪ ಗಂಡು ಬೆಕ್ಕು. ಬಂದವರನ್ನೆಲ್ಲ ಅರೆಗಣ್ಣಿನಲ್ಲಿ ಅಳೆಯುವ ಅದರ ಗತ್ತು ನೋಡಿ ಅಂಗಡಿಯವನೇ ಆ ಹೆಸರಿಟ್ಟಿದ್ದ.

ಈಚೆಗೆ ದಿವಾನ ಕೆಮ್ಮತೊಡಗಿತ್ತು. ನೆಲಕ್ಕೆ ಮೈ ಅಂಟಿಸಿ, ಕತ್ತು ಮುಂದೆ ಚಾಚಿ ಕೆಮ್ಮುತ್ತಿತ್ತು; ಬಾಯಿಂದ ಮಾತ್ರ ಏನೂ ಹೊರಬೀಳುತ್ತಿರಲಿಲ್ಲ.

"ಕಟಿಂಗ್ ಅಂಗಡಿ ಬೆಕ್ಕಲ್ವಾ? ಗಂಟಲಲ್ಲಿ ಕೂದಲಲ್ದೆ ಚಿನ್ನ ಸಿಕ್ಕೊಳ್ಳತ್ತಾ?" ಎಂದು ಗಿರಾಕಿಗಳು ನಕ್ಕರು. ಅಂಗಡಿಯವನೂ ನಕ್ಕ. ಆದರೆ ಒಂದು ಸಂಜೆ ಬೆಕ್ಕು ಬಾಯಿ ತೆರೆದು, ಹೊಟ್ಟೆ ಎಳೆದೆಳೆದು ಉಸಿರಾಡುವುದನ್ನು ಕಂಡದ್ದೇ ಅವನ ನಗು ಆರಿತು. ಅಂಗಡಿಯನ್ನು ಭಾವಮೈದನಿಗೆ ಒಪ್ಪಿಸಿ, ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದ.

ಡಾಕ್ಟರಮ್ಮ ಮೊದಲು ಆಕ್ಸಿಜನ್ ಕೊಟ್ಟು, ಸೂಜಿ ಚುಚ್ಚಿ, ಉಸಿರು ಹದಕ್ಕೆ ಬಂದಮೇಲೆ ಎಕ್ಸ್‌ರೇ ತೆಗೆದರು. "ಇದು ಕೂದಲಲ್ಲ. ಆಸ್ತಮಾ."

"ಬೆಕ್ಕಿಗೂ ಆಸ್ತಮಾ ಬರತ್ತಾ ಡಾಕ್ಟ್ರೇ?"

"ಅದೂ ಉಸಿರಾಡೋ ಪ್ರಾಣೀನೇ ಅಲ್ವೇನ್ರೀ? ದಿನವಿಡೀ ಎಲ್ಲಿರತ್ತೆ?"

"ನನ್ನ ಕಟಿಂಗ್ ಅಂಗಡೀಲಿ."

ಅವರು ಅವನ ತೋಳಿನ ಮೇಲೆ ಬೆರಳಾಡಿಸಿ, ಅಂಟಿದ ಬಿಳಿ ಪೌಡರನ್ನು ಅವನಿಗೇ ತೋರಿಸಿದರು. "ಇದೂ ಒಂದು ಕಾರಣ ಇರಬಹುದು. ಪೌಡರು, ಸ್ಪ್ರೇ, ಸಿಗರೇಟು, ಸೊಳ್ಳೆ ಬತ್ತಿ, ಯಾವ್ದೂ ಅದರ ಹತ್ರ ಸುಳೀಬಾರ್ದು. ಪೂರ್ತಿ ವಾಸಿಯಾಗೋ ಕಾಯಿಲೆ ಅಲ್ಲ. ಹಿಡಿತದಲ್ಲಿಟ್ಕೊಂಡ್ರೆ ಆರಾಮಾಗಿರತ್ತೆ."

ಕೆಲವು ದಿನಕ್ಕೆ ಮಾತ್ರೆ, ಜೊತೆಗೆ ಬೆಳಗ್ಗೆ ಸಂಜೆ ಕೊಡಲು ಇನ್ಹೇಲರು. ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆಯ ತುದಿಯಲ್ಲಿ ಪುಟ್ಟ ಮಾಸ್ಕು. ಕೆಮ್ಮು ನಿಂತಿತೆಂದು ಔಷಧಿಯನ್ನು ತಾವಾಗಿ ನಿಲ್ಲಿಸಕೂಡದೆಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದರು.

ಬೆಕ್ಕು ಇನ್ನು ಮನೆಯಲ್ಲೇ ಇರಲೆಂದು ಅವನು ತೀರ್ಮಾನಿಸಿದ. ಆ ತೀರ್ಮಾನ ಒಂದೇ ದಿನ ಬಾಳಿತು. ದಿವಾನ ಬಾಗಿಲ ಬಳಿ ಕೂತು ಅರಚಿದ ಅರಚಾಟಕ್ಕೆ ಪಕ್ಕದ ಮನೆಯವರು ಬಂದು, ಏನಾಯಿತೆಂದು ವಿಚಾರಿಸಿಕೊಂಡು ಹೋದರು.

"ರೀ, ಬೆಕ್ಕನ್ನ ಅಂಗಡಿಯಿಂದ ಹೊರಗೆ ಹಾಕೋ ಬದ್ಲು ಆ ಪೌಡರ್ ಡಬ್ಬೀನೇ ಹೊರಗೆ ಹಾಕಿ," ಎಂದಳು ಹೆಂಡತಿ. "ಹಸಿ ಬಟ್ಟೇಲಿ ಒರೆಸಿದ್ರೆ ಯಾರ ಕತ್ತೂ ಉದುರಲ್ಲ."

ಯಾರ ಕತ್ತೂ ಉದುರಲಿಲ್ಲ ನಿಜ, ಆದರೆ ಮೂಗು ಮುರಿದವರು ಬಹಳ. "ಪೌಡರಿಲ್ಲದ ಕಟಿಂಗು ಉಪ್ಪಿಲ್ಲದ ಊಟ ಕಣಯ್ಯಾ," ಎಂದು ಹಳೆಯ ಗಿರಾಕಿ ಹೆಡ್ ಮೇಷ್ಟ್ರು ಎದುರಿನ ಅಂಗಡಿಗೆ ಹೋಗಿಬಿಟ್ಟರು. ಅಂಗಡಿಯವನ ಮನಸ್ಸು ಚುರುಕ್ಕೆಂದಿತು. ಆದರೂ ಡಬ್ಬಿಯನ್ನು ಒಳಗೆ ತರಲಿಲ್ಲ.

ದೊಡ್ಡ ತಲೆನೋವು ಮಾಸ್ಕಿನದು. ಅದನ್ನು ಕಂಡರೆ ಸಾಕು, ದಿವಾನ ಕನ್ನಡಿಯ ಹಿಂದೆ ಮಾಯ. ಹಿಡಿಯಲು ಹೋದ ಭಾವಮೈದನ ಮುಂಗೈ ಮೇಲೆ ನಕ್ಷೆಯೇ ಬಿತ್ತು.

ಒಂದು ಬೆಳಗ್ಗೆ ಈ ಕುಸ್ತಿ ನಡೆದಿರುವಾಗಲೇ ಗಿರಾಕಿಯೊಬ್ಬ, ಲಾರಿ ಡ್ರೈವರ್, ಬಂದ. ಬಾಗಿಲು ತುಂಬುವ ಆಳು, ಕಿವಿ ಮುಟ್ಟುವ ಮೀಸೆ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಆಚೀಚೆ ಕಣ್ಣಾಡಿಸಿ, ಜೇಬಿನಿಂದ ತನ್ನದೇ ಇನ್ಹೇಲರು ತೆಗೆದ.

"ಅಣ್ಣಾ, ನಿಂಗೂನಾ?"

"ಚಿಕ್ಕಂದಿನಿಂದ. ಇಷ್ಟು ದೊಡ್ಡ ಮೀಸೆ ಇಟ್ಕೊಂಡು ಇದನ್ನ ಎಳೆಯೋಕೆ ನಾಚಿಕೆ ಮಾರಾಯ. ಲಾರಿ ಹಿಂದೆ ನಿಂತು ಎಳೀತೀನಿ." ಅವನು ಬೆಕ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. "ನನಗೂ ಮೊದಮೊದಲು ಹೆದರಿಕೆ. ನಮ್ಮಮ್ಮ ಬಲವಂತ ಮಾಡ್ಲಿಲ್ಲ, ಆಟ ಆಡೋಕೆ ಕೊಟ್ಟಳು. ಇದಕ್ಕೇನು ಇಷ್ಟ?"

"ಮೀನು."

"ಹಾಗಾದ್ರೆ ಮಾಸ್ಕಲ್ಲೇ ಮೀನು ಬಡಿಸು."

ಮಾಸ್ಕಿನೊಳಗೆ ಬೇಯಿಸಿದ ಮೀನಿನ ಚೂರಿಟ್ಟರು. ದಿವಾನ ಮೂಸಿತು, ಅನುಮಾನಪಟ್ಟಿತು, ತಿಂದಿತು. ಕೆಲವು ದಿನ ಬರಿಯ ಮೀನು. ಆಮೇಲೆ ಮೂಗಿಗೆ ಮಾಸ್ಕು ತಾಗಿಸಿ ಮೀನು. ಕೊನೆಗೆ ಔಷಧಿ ಒತ್ತಿ, ಹತ್ತು ಉಸಿರು ಎಣಿಸಿ ಮೀನು. ಡ್ರೈವರ್ ಊರಲ್ಲಿದ್ದ ದಿನವೆಲ್ಲ ಬಂದು ಜೊತೆಗೆ ತಾನೂ ಎಳೆಯುತ್ತಿದ್ದ, ಎಲ್ಲರ ಎದುರಿಗೇ. ಒಬ್ಬ ಗಿರಾಕಿ ಕಿಸಕ್ಕೆಂದಾಗ, "ಯಾಕಪ್ಪಾ, ದಿವಾನರೇ ತಗೊಳ್ವಾಗ ನಾನ್ಯಾವ ಲೆಕ್ಕ?" ಎಂದು ಗಟ್ಟಿಯಾಗಿ ನಕ್ಕ.

ಕೆಮ್ಮು ದಿನೇದಿನೇ ತಗ್ಗಿತು. ಹೆಡ್ ಮೇಷ್ಟ್ರೂ ಮರಳಿದರು. ಎದುರಿನ ಅಂಗಡಿಯಲ್ಲಿ ಪೌಡರು ಧಾರಾಳ, ಮಾತಿಗೆ ಮಾತ್ರ ಬರವಂತೆ!

ಒಂದು ಮಧ್ಯಾಹ್ನ ಇಸ್ತ್ರಿ ಅಂಗಡಿಯ ನಾಯಿ ಬಾಗಿಲಲ್ಲಿ ಮೂತಿ ತೂರಿಸಿತು. ದಿವಾನ ಕುರ್ಚಿಯಿಂದ ಬಾಣದಂತೆ ಹಾರಿ, ಅದನ್ನು ಬೀದಿಯ ತುದಿವರೆಗೂ ಅಟ್ಟಿತು. ಅಂಗಡಿಯವನು ಶೇವಿಂಗ್ ಬ್ರಷ್ ಹಿಡಿದೇ ಹಿಂದೆ ಓಡಿದ. ಮೇಷ್ಟ್ರು ಮುಖದ ತುಂಬ ನೊರೆಯೊಂದಿಗೆ ಹೊಸ್ತಿಲಿಗೆ ಬಂದು ನಿಂತರು.

ಬೆಕ್ಕು ಬಾಲವೆತ್ತಿ ನಿಧಾನಕ್ಕೆ ನಡೆದು ಬಂತು. ಅಂಗಡಿಯವನು ಬಗ್ಗಿ ಅದರ ಪಕ್ಕೆಗೆ ಕಿವಿಯಿಟ್ಟ. ಸುಯ್ಯೆನ್ನುವ ಸದ್ದಿಲ್ಲ, ಏದುಸಿರಿಲ್ಲ. ಏದುಸಿರು ಬಿಡುತ್ತಿದ್ದವನು ಅವನೊಬ್ಬನೇ.