ಮನ್‌ಸೊಪ್ ಮೇಸ್ತ್ರಿಯ ತುರಿಕೆ ಕೈ

“ಮೇಸ್ತ್ರಿಗಳೇ, ನನ್ನನ್ನ ಮೊಕ್ಪೊ ಪಟ್ಟಣದ ತನಕ ತರಬೇತಿಗೆ ಯಾಕೆ ಕಳಿಸಿದ್ರಿ? ಆ ಬಸ್ ಚಾರ್ಜಲ್ಲಿ ನಿಮ್ಮ ಕೈಗೊಂದು ಕೋಳ ತರಬಹುದಿತ್ತು,” ಎಂದಳು ಮಿರ್ಯೆ, ಎಲ್ಲರೆದುರಿಗೆ. ಒಣಪಾಚಿಯ ಹಾಳೆಗಳನ್ನು ಕಟ್ಟು ಕಟ್ಟುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಕ್ಕರು.

ವಾಂಡೊ ದ್ವೀಪದ ಆ ಕಡಲಪಾಚಿ ಕಾರ್ಖಾನೆಯಲ್ಲಿ ಮನ್‌ಸೊಪ್ ಮೇಸ್ತ್ರಿಗೆ ಹೀಗೆ ಯಾರೂ ಅಂದಿರಲಿಲ್ಲ. ಕಿವಿಯವರೆಗೂ ಕೆಂಪಾದ. ಆದರೆ ಅವಳು ಅಂದದ್ದು ಸುಳ್ಳೇ? ಹಸಿ ಪಾಚಿಯನ್ನು ಹಾಳೆಯಂತೆ ಹರಡಿ ಒಣಗಿಸುವ ಯಂತ್ರ ನಡೆಸಲು ಕಲಿತು ಬಾ ಎಂದು ಕಳಿಸಿದವನು ಅವನೇ. ಕಲಿತು ಬಂದವಳು ಗುಂಡಿಯತ್ತ ಬೆರಳು ಚಾಚುವಷ್ಟರಲ್ಲಿ ಮೊಣಕೈಯಿಂದ ಸರಿಸಿ ತಾನೇ ಒತ್ತುತ್ತಿದ್ದವನೂ ಅವನೇ. ಅದು ಸಹಾಯ ಅಂತ ಅವನ ಲೆಕ್ಕ. ಇಂಥ ಪುಣ್ಯಾತ್ಮರ ಕೈಕೆಳಗೆ ಕಲಿತವರು ತಲೆ ನೆರೆತರೂ ಪಕ್ಕದಲ್ಲೇ ನಿಂತಿರುತ್ತಾರೆ.

“ಬಿಡೇ ತಂಗಿ,” ಎಂದಳು ಕಟ್ಟುವ ಸಾಲಿನ ಹಿರಿಯಳು ಒಕ್‌ಸುನ್. “ಮನೇಲೂ ಹಂಗೇ ಅಂತೆ. ಹೆಂಡ್ತಿ ಕಿಮ್ಚಿ ಉಪ್ಪಿನಕಾಯಿ ಕಲಸೋಕೆ ಕೂತ್ರೆ ಈವಯ್ಯನೇ ಕೈ ಹಾಕ್ತಾನಂತೆ. ಉಪ್ಪು ಜಾಸ್ತಿ ಆದಾಗ ಮಾತ್ರ ಅದು ಅವಳ ಕಿಮ್ಚಿ.”

ನಗು ನಗುವಾಗಿತ್ತು, ಹೊಟ್ಟೆಪಾಡಿನ ಮಾತು ಬೇರೆ. ಚಳಿಗಾಲ ಮುಗಿದರೆ ಕಟ್ಟುವವರಿಗೆಲ್ಲ ಮನೆಯ ದಾರಿ. ವರ್ಷವಿಡೀ ಉಳಿಯುವುದು ಯಂತ್ರದವರು ಮಾತ್ರ. ಇವತ್ತು ಮಧ್ಯಾಹ್ನ ಮಿರ್ಯೆ ಒಬ್ಬಳೇ ಯಂತ್ರ ನಡೆಸಿ ತೋರಿಸದಿದ್ದರೆ ಆ ಜಾಗ ಬೇರೆಯವರಿಗೆ ಎಂದು ಮಾಲೀಕ ಹೇಳಿಯಾಗಿತ್ತು. ಮೇಲಿನ ಗಾಜಿನ ಕೋಣೆಯಲ್ಲಿ ಬೆಚ್ಚಗೆ ಕೂತವನಿಗೆ ಹೇಳುವುದಕ್ಕೇನು.

ಊಟವಾದ ಮೇಲೆ ಯಂತ್ರ ಶುರುವಾಯಿತು. ಮನ್‌ಸೊಪ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ದೂರ ನಿಂತ. ಮೊದಲು ಕಪ್ಪಗೆ, ದಟ್ಟವಾಗಿ ಹಾಳೆಗಳು ಬಂದವು. ಆಮೇಲೆ ತೆಳ್ಳಗಾದವು, ತೂತು ಬಿದ್ದವು, ಕೊನೆಗೆ ಚೌಕಟ್ಟಿಗೇ ಅಂಟಿಕೊಂಡು ಹರಿಯತೊಡಗಿದವು. ಪಾಚಿಗೆ ನೀರು ಹೆಚ್ಚಾಗಿದೆ ಎಂದು ಅವನಿಗೆ ಒಂದೇ ನೋಟಕ್ಕೆ ತಿಳಿಯಿತು. ಅಂಗೈ ತುರಿಸಿತು. ಮೇಲೆ ಮಾಲೀಕ ಎದ್ದು ಬಂದು ಗಾಜಿಗೆ ಮೂಗು ಒತ್ತಿದ.

“ಮೇಸ್ತ್ರಿಗಳೇ,” ಮಿರ್ಯೆ ತಿರುಗಿದಳು. ಬೆಳಗಿನ ಗತ್ತು ಇಳಿದಿತ್ತು. “ನೀರು ಕಡಿಮೆ ಮಾಡ್ಲಾ? ಇಲ್ಲ ಬಿಸಿ ಏರಿಸ್ಲಾ?”

ಕೇಳುವಾಗಲೇ ಅವಳ ಕೈ ನೀರಿನ ತಿರುಪಿನ ಮೇಲಿತ್ತು. ಅವನು ಅದನ್ನು ಕಂಡ. ಹೂಂ ಎಂದರೆ ಸಾಕಿತ್ತು. ಹೂಂ ಎಂದರೆ ನಾಳೆಯೂ ಕೇಳುತ್ತಾಳೆ, ನಾಡಿದ್ದೂ ಕೇಳುತ್ತಾಳೆ, ಇವಳೊಬ್ಬಳಿಂದ ಆಗದು ಎನ್ನಲು ಮೇಲಿನವನು ಅದನ್ನೇ ಕಾಯುತ್ತಿದ್ದಾನೆ.

“ಹೇಳಯ್ಯ, ಬಾಯಲ್ಲೇನು ಬಿಸಿ ಗೆಣಸಾ?” ಒಕ್‌ಸುನ್ ಕೂಗಿದಳು.

ಮನ್‌ಸೊಪ್ ಬಾಗಿಲಿನತ್ತ ತಿರುಗಿದ.

“ನೋಡ್ರೇ, ಬೆಳಿಗ್ಗೆ ಅಂದಿದ್ದಕ್ಕೆ ಈಗ ಮುನಿಸ್ಕೊಂಡ. ಮದುಮಗಳು ಕಣ್ರೇ ಇವನು,” ಎಂದಳು ಒಕ್‌ಸುನ್ ಸಾಲಿನವರಿಗೆ.

“ಹೋಗ್ಲಿ ಬಿಡಕ್ಕ,” ಮಿರ್ಯೆ ಹಲ್ಲು ಕಚ್ಚಿ ಅಂದದ್ದು ಅವನಿಗೆ ಕೇಳಿಸಿತು. ಹಿಂದೆಯೇ ನೀರಿನ ತಿರುಪು ಕಿರುಗುಟ್ಟಿತು. “ರೀ ಮೇಸ್ತ್ರಿ, ಹೆದರ್ಕೊಂಡ್ರಾ?” ಎಂದು ಅವಳೇ ಕೂಗಿದಳು.

ಅವನು ಬೆನ್ನ ಹಿಂದೆ ಕಟ್ಟಿದ ಕೈಗಳನ್ನು ಬಿಡಿಸದೆ ಅಂಗಳ ದಾಟಿ ನಡೆದ.